ಲೈಟರಿನ ಬೆಂಕಿ

ಮೇ ೫, ಗ್ರೀಕ್ ಈಸ್ಟರ್ ರಾತ್ರಿ

ಗಾಳಿ ಇನ್ನೂ ನಿಂತಿಲ್ಲ. ಇಗರ್ಜಿಯಲ್ಲಿ ಮೇಣದಬತ್ತಿಗೆ ಹೊತ್ತಿಸಿಕೊಂಡ ಹಬ್ಬದ ಬೆಂಕಿಯನ್ನು ಆರದಂತೆ ಮನೆ ಮುಟ್ಟಿಸಬೇಕು. ನನ್ನದು ಬಂದರಿನ ತಿರುವಿನಲ್ಲೇ ಆರಿಹೋಯಿತು. ಗಂಡ ಮನೋಲಿಸ್ ಸಿಗರೇಟಿನ ಲೈಟರಿನಿಂದ ಮೇಣದಬತ್ತಿ ಹಚ್ಚಿಕೊಟ್ಟು, "ಬೆಂಕಿ ಬೆಂಕೀನೇ ಕಣೇ, ಯಾರಿಗೆ ಗೊತ್ತಾಗುತ್ತೆ?" ಅಂದರು.

ಪಕ್ಕದ ಮನೆಯ ಸ್ತಮಾತಿಸಜ್ಜ ಬಾಗಿಲಲ್ಲೇ ಕಾಯುತ್ತಿದ್ದ. ಹೆಂಡತಿ ಸತ್ತಂದಿನಿಂದ ದೇವರ ಹೆಸರೆತ್ತಿದರೆ ಉರಿದುಬೀಳುವವನು, ನಾನು ವರ್ಷಗಟ್ಟಲೆ ಪೀಡಿಸಿದ ಮೇಲೆ ಈ ಸಲ ಬಾಯಿಬಿಟ್ಟು ಬೆಂಕಿ ಕೇಳಿದ್ದ. ಅವನ ಬತ್ತಿ ನನ್ನ ಬತ್ತಿಯ ಹತ್ತಿರ ಬಂತು. ನನಗೆ ತಡೆಯಲಾಗಲಿಲ್ಲ.

"ಅಜ್ಜಾ, ಇದು ಇಗರ್ಜಿದಲ್ಲ. ದಾರೀಲಿ ಆರಿಹೋಯ್ತು, ಲೈಟರಲ್ಲಿ ಹಚ್ಚಿದ್ದು."

"ಹೇಳದೇ ಇದ್ದಿದ್ರೆ ನಂಬ್ತಿದ್ದೆನಲ್ಲೇ, ಪೆದ್ದಿ!" ಎಂದು ಬಾಗಿಲು ಹಾಕಿಕೊಂಡ.

"ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ದೆ," ಎಂದು ಗೊಣಗುತ್ತ ಇವರು ಮಲಗಿದರು. ನಾನು ಕಿಟಕಿಯ ಬಳಿ ಕೂತಿದ್ದೇನೆ. ಸಮುದ್ರ ನಿದ್ದೆಯಲ್ಲಿ ಮಗ್ಗುಲು ಬದಲಿಸುತ್ತಿರುವಂತಿದೆ. ಕೆಳಗೆ ಇಗರ್ಜಿಯ ಕಡೆಯಿಂದ ಒಂದೇ ಒಂದು ದೀಪ, ಕನಸಿನಲ್ಲಿ ನಡೆಯುವವರ ಹಾಗೆ, ತಿರುವಿಗೊಮ್ಮೆ ನಿಂತು ನಿಂತು ಮೇಲೇರಿ ಬರುತ್ತಿದೆ. ಜೊತೆಗೊಂದು ಕೆಮ್ಮು; ಅಜ್ಜನದೇ. ತನ್ನ ಮನೆ ದಾಟಿ ಬಂದ. ನಮ್ಮ ಬಾಗಿಲು ತಟ್ಟುತ್ತಿದ್ದಾನೆ.

"ಏಳೇ ಹುಡುಗಿ, ನಿನ್ನ ಬತ್ತಿ ತಾ. ಇದು ಆರಿಲ್ಲ."