ಒಂದೇ ಪೆಡಲಿನ ಮೇಲೆ ನಿಂತು ಬರುವವರಿಗೆ

ದೊಡ್ಡಪ್ಪ,

ನಿಮ್ಮ ಸೈಕಲನ್ನು ನಿಮ್ಮನ್ನು ಒಂದು ಮಾತೂ ಕೇಳದೆ ಗುಜರಿಗೆ ಹಾಕಿದ್ದು ಅನ್ಯಾಯ. ಹಾಕಿದವನು ನಿಮ್ಮ ಮಗ, ನನಗೆ ಅಣ್ಣ, ಒಳ್ಳೆಯವನು. ಆದರೂ ಅನ್ಯಾಯವೇ. ಮೇಲ್ಸೇತುವೆಯ ಇಳಿಜಾರಿನಲ್ಲಿ ಬಿದ್ದು, ಬಲಗಾಲಿನ ಮಂಡಿಗೆ ಪಟ್ಟಿ ಕಟ್ಟಿಸಿಕೊಂಡು ನೀವು ಮಲಗಿದ್ದಾಗ ಅದನ್ನು ಸಾಗಿಸಿಬಿಟ್ಟ. ಅಪ್ಪ ಇನ್ನಾದರೂ ಹಾಯಾಗಿ ಕೂತಿರಲಿ ಅಂದ. ವಯಸ್ಸಾದವರ ಕೈಯಿಂದ ಓಡಾಟವನ್ನು ಕಿತ್ತುಕೊಂಡು ಅದಕ್ಕೆ ಕಾಳಜಿ ಅಂತ ಹೆಸರಿಡುವವರ ಮೇಲೆ ನನಗೆ ಮೈಯೆಲ್ಲ ಉರಿಯುತ್ತದೆ. ಅವನ ಜೊತೆ ಜಗಳವಾಡಿದೆ. ನಿನ್ನ ಕರಪತ್ರದ ಭಾಷಣ ಬೀದಿಯಲ್ಲಿ ಮಾಡು, ಮನೆಯಲ್ಲಿ ಬೇಡ ಅಂದ. ಮನೆಯಲ್ಲಿ ಹೇಳಲು ಧೈರ್ಯವಿಲ್ಲದ ನ್ಯಾಯವನ್ನು ಬೀದಿಯಲ್ಲಿ ಕೂಗುವುದು ನನಗೆ ಬರುವುದಿಲ್ಲ ಅಂತ ಹೇಳಿ ಎದ್ದು ಬಂದೆ.

ಆ ಸೈಕಲ್ ನಿಮಗೆ ಏನಾಗಿತ್ತು ಅಂತ ಅವನಿಗೆ ಗೊತ್ತಿರಲಿಲ್ಲ. ನನಗೂ ಪೂರ್ತಿ ಗೊತ್ತಿರಲಿಲ್ಲ. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ನೀವು ದಿನವಿಡೀ ನಿಂತು ಬಟ್ಟೆ ಕತ್ತರಿಸುತ್ತೀರಿ. ನಾಲ್ಕಕ್ಕೆ ಕತ್ತರಿ ಕೆಳಗಿಡುತ್ತೀರಿ. ದೊಡ್ಡಮ್ಮ ಇರುವ ಆರೈಕೆ ಮನೆಯಲ್ಲಿ ಐದಕ್ಕೆ ಗಂಟೆ ಹೊಡೆದು ನೋಡಲು ಬಂದವರನ್ನೆಲ್ಲ ಕಳಿಸಿಬಿಡುತ್ತಾರೆ. ನಡುವೆ ಮೇಲ್ಸೇತುವೆ, ಆಮೇಲೆ ಮುಗಿಯದಷ್ಟು ಉದ್ದದ ಗೋದಾಮಿನ ಗೋಡೆ. ಆ ಕಡೆಗೆ ಬಸ್ಸಿಲ್ಲ. ಆ ಎತ್ತರದ ಕರಿ ಸೈಕಲನ್ನು ಬೆನ್ನು ನೆಟ್ಟಗಿಟ್ಟುಕೊಂಡು ತುಳಿದು, ಆರೈಕೆ ಮನೆಯ ಗೇಟು ದಾಟಿದ ಮೇಲೆ ಬಲಗಾಲನ್ನು ಸೀಟಿನ ಹಿಂದಿನಿಂದ ಬೀಸಿ ಈಚೆಗೆ ತಂದು, ಎಡ ಪೆಡಲಿನ ಮೇಲೆ ಒಂಟಿಕಾಲಲ್ಲಿ ನಿಂತು, ಜಾರಿಕೊಂಡು ಬಂದ ಹಾಗೆ ಅಲ್ಲಿನ ಸೈಕಲ್ ಶೆಡ್ಡಿನವರೆಗೆ ಬರುತ್ತಿದ್ದಿರಿ. ದೊಡ್ಡಮ್ಮ ಮಹಡಿಯ ಕಿಟಕಿಯಲ್ಲಿ ಕೂತು, ಬಂದ್ರು ನಮ್ಮವರು ಅನ್ನುತ್ತಿದ್ದರಂತೆ. ಅಲ್ಲಿನ ನರ್ಸಮ್ಮ ನನಗೆ ಈಗ ಹೇಳಿದರು.

ನೀವು ಎದ್ದು ಓಡಾಡುವಂತಾದ ಮೇಲೆ ಅಣ್ಣ ತನ್ನ ಕಾರಿನಲ್ಲಿ ನಿಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದ. ಇಸ್ತ್ರಿ ಮಾಡಿದ ಅಂಗಿ ಹಾಕಿಸಿ, ಬೆವರದ ಹಾಗೆ, ಧೂಳಾಗದ ಹಾಗೆ. ನೀವು ಬಾಗಿಲಲ್ಲಿ ನಿಂತಾಗ ದೊಡ್ಡಮ್ಮ ಶಾಲು ಸರಿಮಾಡಿಕೊಂಡು ಎದ್ದು ನಿಂತರಂತೆ. "ನಮ್ಮವರು ಇನ್ನೂ ಬಂದಿಲ್ಲ. ನೀವು ಆಮೇಲೆ ಬನ್ನಿ" ಅಂದರಂತೆ, ತುಂಬ ಮರ್ಯಾದೆಯಿಂದ. ಗಂಟೆ ಹೊಡೆಯುವವರೆಗೂ ನೀವು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಿರಿ. ಆಮೇಲೆ ಅತ್ತ ಹೋಗಿಲ್ಲ.

ಅದಕ್ಕೇ ನಾನು ನಿಮ್ಮನ್ನು ಸೈಕಲ್ ಅಂಗಡಿಗೆ ಎಳೆದುಕೊಂಡು ಹೋದದ್ದು. ನೀವು ನೇರವಾಗಿ ಹಳೆಯದರಂಥದ್ದೇ ಎತ್ತರದ ಸೈಕಲ್ ಹತ್ತಿರ ಹೋದಿರಿ. ಕಂಬ ಹಿಡಿದುಕೊಂಡು ಬಲಗಾಲು ಎತ್ತಿದಿರಿ. ಅದು ಸೀಟಿನ ಎತ್ತರಕ್ಕೆ ಬರಲಿಲ್ಲ. ಮತ್ತೆ ಎತ್ತಿದಿರಿ. ಅಂಗಡಿಯವರು ಸುಮ್ಮನೆ ಒಂದು ಟೈರು ಒರೆಸತೊಡಗಿದರು. ಅಡ್ಡ ಬಾರ್ ಇಲ್ಲದ, ತಗ್ಗಾದ ಇನ್ನೊಂದನ್ನು ನಾನು ಮುಂದೆ ತಂದೆ. ಇದು ಹೆಂಗಸರ ಸೈಕಲ್ ಅನ್ನುತ್ತೀರಿ ಅಂತ ಕಾದಿದ್ದೆ. ಕಬ್ಬಿಣಕ್ಕೂ ಗಂಡು ಹೆಣ್ಣು ಅಂತ ಮಾಡಿದವರು ಯಾರು ಅಂತ ಕೇಳಲು ಮಾತೆಲ್ಲ ನಾಲಿಗೆಯ ತುದಿಯಲ್ಲಿತ್ತು. ನೀವು ಅದನ್ನು ಅನ್ನಲೇ ಇಲ್ಲ.

"ಇದ್ರಲ್ಲಿ ಕಾಲು ಬೀಸಿ ಇಳಿಯೋದು ಹೇಗೆ ಮಗಳೇ? ಅವಳಿಗೆ ನನ್ನ ಮುಖ ಮರೆತುಹೋಗಿದೆ. ಇಳಿಯೋದೊಂದು ನೆನಪಿದೆ" ಅಂದಿರಿ. ಹೊರಗೆ ಹೋಗಿ ರಸ್ತೆ ದಾಟಿದಿರಿ.

ನಾನು ಅಲ್ಲೇ ನಿಂತಿದ್ದೆ. ಅಂಗಡಿಯವರು ಮೂರು ಚಕ್ರದ್ದು ಇದೆ, ಬೀಳೋ ಭಯವೇ ಇಲ್ಲ ಅಂದರು. ನಮ್ಮ ದೊಡ್ಡಪ್ಪನನ್ನು ಮಕ್ಕಳ ಹಾಗೆ ಕೂರಿಸಿ ತಳ್ಳೋದು ಬೇಡ ಅಂತ ಅವರಿಗೂ ಸ್ವಲ್ಪ ಬಿಸಿ ಮುಟ್ಟಿಸಿದೆ. ಅವರು ನಕ್ಕು, "ಭಾಷಣ ಮಾಡೋರು ಸೈಕಲ್ ಕೊಂಡಿದ್ದು ನಾನು ಕಂಡಿಲ್ಲ. ಆದ್ರೂ ಓಡಿಸಿ ನೋಡಮ್ಮ" ಅಂದು ಬೀಗದ ಕೈ ಕೊಟ್ಟರು.

ಆ ವಾರ ನಿಮ್ಮ ದಾರಿಯಲ್ಲೇ, ನಿಮ್ಮ ಹೊತ್ತಿಗೇ ಓಡಿಸಿದೆ. ಮೊದಲು ಬಾಗಿದ ಹ್ಯಾಂಡಲಿನ ತೆಳು ಟೈರಿನದು. ಗಾಳಿಯ ಹಾಗೆ ಹೋಗುತ್ತದೆ, ಆದರೆ ಅರ್ಧ ದಾರಿಯಲ್ಲೇ ನನ್ನ ಕತ್ತು ಹಿಡಿದುಕೊಂಡಿತು. ದಿನವೆಲ್ಲ ಮೇಜಿನ ಮೇಲೆ ಬಗ್ಗಿದ ನಿಮ್ಮ ಬೆನ್ನಿಗೆ ಅದು ಶಿಕ್ಷೆ. ಆಮೇಲೆ ದಪ್ಪ ಟೈರು, ದಿಂಬಿನಂಥ ಸೀಟಿನದು. ಕೂರಲು ಸುಖ, ತುಳಿದರೆ ಕೆಸರು ತುಳಿದ ಹಾಗೆ. ಮೇಲ್ಸೇತುವೆಯಲ್ಲಿ ಇಳಿದು ತಳ್ಳಿದೆ, ಗೇಟಿಗೆ ಬರುವಷ್ಟರಲ್ಲಿ ಗಂಟೆ ಹೊಡೆದಿತ್ತು. ಬ್ಯಾಟರಿಯದನ್ನು ಎತ್ತಿ ನೋಡಿ ಅಂಗಡಿಯಲ್ಲೇ ಬಿಟ್ಟುಬಂದೆ, ಅದನ್ನು ನಿಮ್ಮ ಮನೆಯ ಮೆಟ್ಟಿಲು ಹತ್ತಿಸಲು ಇಬ್ಬರು ಬೇಕು. ಕೊನೆಗೆ ನೀವು ಬೇಡವೆಂದ ತಗ್ಗಿನದನ್ನೇ ಓಡಿಸಲು ತೆಗೆದುಕೊಂಡೆ. ಹ್ಯಾಂಡಲ್ ಸೀಟಿಗಿಂತ ಒಂದು ಗೇಣು ಮೇಲಿದೆ, ಬೆನ್ನು ಬಾಗುವುದಿಲ್ಲ. ಸೀಟು ಗಟ್ಟಿ, ಆದರೆ ಅಗಲ. ಟೈರು ಹೆಚ್ಚು ದಪ್ಪವೂ ಅಲ್ಲ, ತೆಳುವೂ ಅಲ್ಲ. ಗೇರ್ ಇಳಿಸಿದರೆ ಮೇಲ್ಸೇತುವೆಯನ್ನು ಕೂತೇ ಹತ್ತಬಹುದು. ಗೋದಾಮಿನ ಗೋಡೆಯುದ್ದಕ್ಕೂ ಅದು ಚೆನ್ನಾಗಿಯೇ ಓಡಿತು. ನನಗೆ ಹೊತ್ತು ಮಿಕ್ಕಿತು.

ಗೇಟಿನೊಳಗೆ ಬಂದಾಗ ನಿಮ್ಮ ಹಾಗೆ ಇಳಿದು ನೋಡೋಣ ಅನ್ನಿಸಿತು. ಕಾಲು ಹಿಂದಿನಿಂದ ಬೀಸುವ ಬದಲು ಸೀಟಿನ ಮುಂದಿನ ತಗ್ಗಿನಲ್ಲೇ ಈಚೆಗೆ ತಂದು, ಎಡ ಪೆಡಲಿನ ಮೇಲೆ ನಿಂತು ಶೆಡ್ಡಿನವರೆಗೆ ಹೋದೆ. ಮಂಡಿ ಹೆಚ್ಚು ಎತ್ತಬೇಕಾಗಿಲ್ಲ ದೊಡ್ಡಪ್ಪ. ನಿಮಗೆ ಖಂಡಿತ ಆಗುತ್ತದೆ.

ಮೇಲೆ ಹೋದೆ. ದೊಡ್ಡಮ್ಮನ ಮುಖ ಅರಳಿತ್ತು. ನರ್ಸಮ್ಮನ ಕೈ ಹಿಡಿದು, ಬಂದ್ರು ನಮ್ಮವರು ಅನ್ನುತ್ತಿದ್ದರು. ನನ್ನನ್ನು ನೋಡಿ, "ಕೂತ್ಕೋ ಮಗು. ಅವರು ಕೆಳಗೆ ಸೈಕಲ್‌ಗೆ ಬೀಗ ಹಾಕ್ತಿದಾರೆ" ಅಂದರು. ಕೂತೆ. ಅವರು ಬಾಗಿಲನ್ನೇ ನೋಡುತ್ತಿದ್ದರು. ಗಂಟೆ ಹೊಡೆಯಿತು. ಎದ್ದು ನಿಂತಾಗ ನನ್ನ ತೋಳು ಹಿಡಿದು ಕೇಳಿದರು: "ಬಂದೋರು ಮೇಲೆ ಯಾಕೆ ಬರ್ಲಿಲ್ಲ? ನನ್ನ ಮೇಲೆ ಕೋಪಾನಾ?"

ಇದನ್ನು ನಿಮ್ಮಿಂದ ಮುಚ್ಚಿಡಬಹುದಿತ್ತು. ಮುಚ್ಚಿಟ್ಟರೆ ನಾನೂ ಅಣ್ಣನ ಹಾಗೆಯೇ ಆಗುತ್ತೇನೆ. ಆದ್ದರಿಂದ ಎರಡನ್ನೂ ಬರೆಯುತ್ತಿದ್ದೇನೆ. ಆ ಸೈಕಲಿನಲ್ಲಿ ಬಂದರೆ ದೊಡ್ಡಮ್ಮ ನಿಮ್ಮನ್ನು ಗುರುತು ಹಿಡಿಯುತ್ತಾರೆ. ಹಾಗೆ ಇಳಿದು ಬಂದ ನನ್ನನ್ನೂ ನೀವೇ ಅಂದುಕೊಂಡರು. ನಾಳೆ ಯಾರು ಬಂದರೂ ಅಂದುಕೊಂಡಾರು. ಇಷ್ಟು ಸಾಲದು ಅಂತ ನೀವು ಅತ್ತರೆ ನನ್ನ ಬಳಿ ಉತ್ತರವಿಲ್ಲ. ನಾನು ಓದಿದ ಕಿರುಹೊತ್ತಿಗೆಗಳಲ್ಲಿ ಹಸಿವಿಗೆ ಉತ್ತರವಿದೆ, ಕೂಲಿಗೆ ಉತ್ತರವಿದೆ. ಇದಕ್ಕೆ ಒಂದು ಸಾಲೂ ಇಲ್ಲ. ನನಗೆ ಗೊತ್ತಿರುವುದಿಷ್ಟೇ: ಕಿಟಕಿಯಲ್ಲಿ ಕಾಯುತ್ತಿರುವವರು ನಿಮ್ಮನ್ನೇ ಕಾಯುತ್ತಿದ್ದಾರೆ. ಶೆಡ್ಡಿನಿಂದ ಮೆಟ್ಟಿಲು ಹತ್ತಿ ಮೇಲೆ ಹೋಗಬೇಕಾದವರು ನೀವೇ. ಆ ಕೆಲಸ ನನ್ನಿಂದ ಆಗಲಿಲ್ಲ.

ಸೀಟಿನ ಎತ್ತರವನ್ನು ನಿಮ್ಮ ಅಳತೆಗೆ ಕೂರಿಸಬೇಕು, ಅದಕ್ಕೆ ನೀವೇ ಬೇಕು. ಅಂಗಡಿಯ ಹಿಂದಿನ ಬಯಲಿನಲ್ಲಿ ಇಳಿಯುವುದನ್ನು ಅಭ್ಯಾಸ ಮಾಡೋಣ, ಕ್ಯಾರಿಯರ್ ನಾನು ಹಿಡಿದುಕೊಳ್ಳುತ್ತೇನೆ.

ನಿಮ್ಮ ಕಾಲಿಗೆ ಬಲ ಬರಲಿ, ದೊಡ್ಡಪ್ಪ. ದೊಡ್ಡಮ್ಮನ ಸಂಜೆಗಳು ಖಾಲಿ ಹೋಗದಿರಲಿ.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಅಂಗಡಿಯ ಮುಂದಿನ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಬನ್ನಿ.

ನಿಮ್ಮ ತಮ್ಮನ ಮಗಳು