ಅಳಿಸಿದ ಮೂವತ್ತೊಂಬತ್ತು ಚುಕ್ಕೆಗಳು

ಮಾನ್ಯ ಸರ್,

ನಿಮ್ಮ ಬಾಗಿಲವರೆಗೆ ಮೂರು ಸಲ ಬಂದು ವಾಪಸ್ ಹೋದೆ. ಬಾಯಲ್ಲಿ ಹೇಳಲಾಗದ್ದನ್ನು ಬರೆದು ಬಾಗಿಲಡಿ ತಳ್ಳುತ್ತಿದ್ದೇನೆ.

ದೂರದ ಗೆಲಾಕ್ಸಿಯ ನಡುವೆ ಉರಿಯುವ ಕ್ವೇಸಾರ್‌ನ ಬೆಳಕನ್ನು ಸುತ್ತಲಿನ ಧೂಳು ನುಂಗಿ ಬಿಸಿಯಾಗುತ್ತದೆ, ಆ ಕಾವು ಅವಕೆಂಪು ಚಿತ್ರದಲ್ಲಷ್ಟೇ ಕಾಣುತ್ತದೆ ಎಂದು ಹೊಸಬರಿಗೆ ಪಾಠ ಹೇಳುವವಳು ನಾನೇ. ಆದರೂ ನಾವೆಲ್ಲ ಅಜ್ಜ ಎಂದು ಕರೆಯುವ ಸಹೋದ್ಯೋಗಿ ಹುಡುಕಿಟ್ಟ ಇಂಥ ಕ್ವೇಸಾರ್‌ಗಳ ಪಟ್ಟಿಯನ್ನು ಸ್ವಚ್ಛಗೊಳಿಸುವಾಗ, ಮಾಮೂಲಿ ಬೆಳಕಿನ ಚಿತ್ರದಲ್ಲಿ ಕಾಣದ ಚುಕ್ಕೆಗಳನ್ನೆಲ್ಲ ಕ್ಯಾಮೆರಾದ ದೋಷವೆಂದು ಅಳಿಸಿಬಿಟ್ಟೆ. ಮೂವತ್ತೊಂಬತ್ತು! ನೆಂಟರು ಬರುತ್ತಾರೆಂದು ಮನೆ ಗುಡಿಸುತ್ತಾ ನೆಂಟರನ್ನೇ ಹೊರಗೆ ಗುಡಿಸಿದಂತಾಯಿತು.

ಪಟ್ಟಿ ಖಾಲಿಯಾಗಿ ಬಂದಾಗ ನೀವು ಅವನಿಗೆ, "ಎರಡು ವರ್ಷ ಏನಪ್ಪಾ ಕಡಿದು ಕಟ್ಟೆ ಹಾಕ್ದೆ?" ಎಂದು ಕೇಳಿದಿರಿ. "ತಪ್ಪು ನನ್ನದೇ ಸರ್" ಎಂದ. ನೀವು ಅವನನ್ನು ಯೋಜನೆಯಿಂದಲೇ ಕೈಬಿಟ್ಟಿರಿ. ನಾನು ಪಕ್ಕದಲ್ಲೇ ನಿಂತು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದೆ. ನನಗೆ ಆಗಲೇ ಅನುಮಾನವಿತ್ತು.

ಹೊರಡುವಾಗ ಅವನು ಹೇಳಿದ್ದು ಇಷ್ಟೇ: "ಮೂಲ ಪಟ್ಟಿ ನನ್ನ ಮೇಜಿನ ಖಾನೇಲಿದೆ ತಂಗೀ, ಪುರುಸೊತ್ತಾದಾಗ ನೋಡು."

ಹದಿನೆಂಟು ದಿನ ಆ ಖಾನೆಯ ಹತ್ತಿರ ಸುಳಿಯಲಿಲ್ಲ. ಇವತ್ತು ತೆರೆದೆ. ನಾನು ಅಳಿಸಿದ ಮೂವತ್ತೊಂಬತ್ತಕ್ಕೂ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದಾನೆ. ಅಂದರೆ ಅವನಿಗೆ ಎಲ್ಲ ಗೊತ್ತಿತ್ತು. ನನ್ನ ನೌಕರಿ ಇನ್ನೂ ಕಾಯಂ ಆಗಿಲ್ಲವೆಂಬುದೂ ಗೊತ್ತಿತ್ತು.

ಸೋಮವಾರ ದೂರದರ್ಶಕದ ಸರದಿ ನಮ್ಮದು. ದಯವಿಟ್ಟು ಅವನ ಮೂಲ ಪಟ್ಟಿಯನ್ನೇ ಕಳಿಸಿ. ಅವನ ಕುರ್ಚಿಯನ್ನು ಯಾರಿಗೂ ಕೊಡಬೇಡಿ. ಅವನನ್ನು ವಾಪಸ್ ಕರೆಯಲು ಫೋನ್ ಮಾತ್ರ ನೀವೇ ಮಾಡಿ. ನಾನು ಮಾಡಿದರೆ ತಪ್ಪು ತನ್ನದೇ ಎಂದು ಇನ್ನೊಮ್ಮೆ ಹೇಳಿಬಿಡುತ್ತಾನೆ.

ಹೊರಗೆ ಕಾರಿಡಾರಿನಲ್ಲೇ ಇದ್ದೇನೆ,
ಪಟ್ಟಿ ಗುಡಿಸಿದವಳು