ಪದ ಮರೆಸಿದ ಗುಳಿಗೆ

ಪ್ರೀತಿಯ ಶಾಂತಾ ಟೀಚರ್,

ಡೊಂಬಿವಲಿಯ ನಮ್ಮ ಕನ್ನಡ ಶಾಲೆಯ ಎರಡನೇ ತರಗತಿಯಲ್ಲಿ ನೀವು ಅಳಿಲಿನ ಚಿತ್ರ ಹಿಡಿದು ನಿಂತದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಮೂವತ್ತು ವರ್ಷ ಕನ್ನಡ ಕಲಿಸಿದ ನಿಮಗೆ ಆ ಪದವೇ ಬರಲಿಲ್ಲ. "ಖಾರ್, ಟೀಚರ್" ಎಂದು ಒಬ್ಬಳು ಮರಾಠಿಯಲ್ಲಿ ಹೇಳಿಕೊಟ್ಟಳು. ಮಕ್ಕಳು ನಕ್ಕರು. ನಿಮ್ಮ ಹಳೆಯ ವಿದ್ಯಾರ್ಥಿನಿ, ಆಗ ಸಹೋದ್ಯೋಗಿಯಾಗಿದ್ದ ನಾನು, ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದೆ.

ಅದಕ್ಕೆ ಮೊದಲು ನಿಮ್ಮ ಅರೆತಲೆನೋವು, ಆ ಮೈಗ್ರೇನ್, ಹೇಗಿತ್ತು... ತಿಂಗಳಲ್ಲಿ ಇಪ್ಪತ್ತು ದಿನ ಸ್ಟಾಫ್ ರೂಮಿನ ಕಿಟಕಿ ಮುಚ್ಚಿ, ಕಣ್ಣಿಗೆ ಸೆರಗು ಒತ್ತಿಕೊಂಡು ಕೂರುತ್ತಿದ್ದಿರಿ. ಲೋಕಲ್ ರೈಲಿನ ಹಾರ್ನ್ ಕೇಳಿದರೆ ವಾಂತಿ. ನೋವು ಬರದಂತೆ ತಡೆಯಲು ದಿನಾ ನುಂಗಿ ಎಂದು ಠಾಣೆಯ ನರರೋಗ ವೈದ್ಯರು ಗುಳಿಗೆ ಕೊಟ್ಟ ಮೇಲೆ ಅದು ನಾಲ್ಕೈದು ದಿನಕ್ಕೆ ಇಳಿಯಿತು. ಆದರೆ ನೋವಿನ ಜೊತೆ ಪದಗಳೂ ಹೋದವು.

"ಎಂತ ಮಾಡುದು ಮಾರಾಯ್ತಿ? ತಲೆ ಹಗುರ ಆಯ್ತು, ಆದ್ರೆ ಒಳಗೆ ಖಾಲಿ ಖಾಲಿ" ಎಂದಿರಿ.

"ಬಿಟ್ಟುಬಿಡಿ ಟೀಚರ್. ಮಿದುಳನ್ನೇ ತಿನ್ನುವ ಗುಳಿಗೆ ಯಾಕೆ?" ಎಂದವಳು ನಾನು. ನನಗೇನು ಗೊತ್ತಿತ್ತು? ಡಾಕ್ಟರನ್ನು ಒಂದು ಮಾತು ಕೇಳೋಣ ಅಂತ ಯಾಕೆ ಹೊಳೆಯಲಿಲ್ಲ?

ನೀವು ಬಿಟ್ಟಿರಿ. ಪದಗಳು ಮರಳಿದವು, ನೋವೂ ಮರಳಿತು. ಆಮೇಲೆ ಎರಡು ವರ್ಷ ಸ್ಟೇಷನ್ ಬಳಿಯ ಮೆಡಿಕಲ್‌ನಿಂದ ನೋವಿನ ಮಾತ್ರೆ, ದಿನಕ್ಕೆ ಎರಡು, ಮೂರು... ಎಷ್ಟೋ ಸಲ ತಂದುಕೊಟ್ಟವಳೂ ನಾನೇ. ಮುಖ ಊದಿಕೊಂಡು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಆ ನೋವಿನ ಮಾತ್ರೆಗಳಿಂದಾಗಿ ಕಿಡ್ನಿಗಳು ಕೈಕೊಟ್ಟಿದ್ದವು. ಕಲ್ಯಾಣದ ಡಯಾಲಿಸಿಸ್ ಕೋಣೆಯಲ್ಲಿ ನೀವು ನನ್ನನ್ನು ದೂರಲಿಲ್ಲ. "ಪಾಠ ಎಲ್ಲಿವರೆಗೆ ಬಂತು?" ಎಂದಷ್ಟೇ ಕೇಳಿದಿರಿ. ಐದನೇ ತಿಂಗಳಿಗೆ ಹೊರಟುಹೋದಿರಿ.

ಈಗ ನನ್ನ ತಲೆಯನ್ನೂ ಅದೇ ಅರೆತಲೆನೋವು ಹಿಡಿದಿದೆ, ಟೀಚರ್. ಕಳೆದ ತಿಂಗಳು ವಾಶಿಯ ಡಾಕ್ಟರಮ್ಮ ಬರೆದುಕೊಟ್ಟ ಚೀಟಿಯಲ್ಲಿ ಅದೇ ಗುಳಿಗೆಯ ಹೆಸರಿತ್ತು. ಚೀಟಿಯನ್ನು ಅವರ ಮುಂದೆ ಮರಳಿ ಇಟ್ಟೆ. ನಿಮ್ಮ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಕೆಲವರಿಗೆ ಹಾಗೆ ಪದ ತಪ್ಪುವುದುಂಟಂತೆ. ಮಿದುಳು ಸವೆದು ಹೋಗಿ ಅಲ್ಲ. ಪ್ರಮಾಣ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದಂತೆ, ಹೋಗದಿದ್ದರೆ ಬೇರೆ ಔಷಧಿಗಳಿವೆಯಂತೆ.

"ನಿಮ್ಮ ಟೀಚರ್ ತಮ್ಮ ಡಾಕ್ಟರಿಗೆ ಬಂದು ಹೇಳಬೇಕಿತ್ತು, ಅಷ್ಟೆ" ಎಂದರು. ಅಂದೇ ಗುಳಿಗೆ ಶುರುಮಾಡಿದೆ.

ಮೊನ್ನೆ ಪಾಠದ ನಡುವೆ ಒಬ್ಬ ಹುಡುಗಿಯನ್ನು ಕರೆಯಹೋದರೆ ಅವಳ ಹೆಸರು ನನ್ನ ಬಾಯಿಗೆ ಬರಲಿಲ್ಲ. ಶಾಲೆ ಬಿಟ್ಟ ಕೂಡಲೇ ವಾಶಿಗೆ ಫೋನ್ ಮಾಡಿದೆ. ಪ್ರಮಾಣ ಅರ್ಧಕ್ಕೆ ಇಳಿಸಿದ್ದಾರೆ, ಸೋಮವಾರ ಬರಹೇಳಿದ್ದಾರೆ. ಹೋಗುತ್ತೇನೆ.

ಆ ಫೋನಿಗೆ ಹಿಡಿದದ್ದು ಎರಡು ನಿಮಿಷ, ಟೀಚರ್.

ನಿಮ್ಮ ಉಷಾ